ಅನಾನ್ ಪದದ ಹದಿನೇಳನೆಯ ಚೀಟಿ

ಬೆಳಿಗ್ಗೆ ಹತ್ತಕ್ಕೆ ಅಕ್ಕ ಕೇಳಿದಾಗ ಮೇಷ್ಟ್ರು "ಈಗ ಕೊಟ್ಟೆ" ಎಂದರು. ಹನ್ನೊಂದೂವರೆಗೆ "ಇಗೋ, ಕೊಟ್ಟೇ ಬಿಟ್ಟೆ" ಎಂದರು. ಮಧ್ಯಾಹ್ನ ಊಟದ ಡಬ್ಬಿ ಮುಚ್ಚುವ ಹೊತ್ತಿಗೆ ಮೂರನೆಯ ಸಲ ಕೇಳಿದರೆ, "ಕೊಟ್ಟೆ ಅಂದ್ನಲ್ಲಮ್ಮ, ಎಷ್ಟು ಸಲ ಹೇಳ್ಬೇಕು?" ಎಂದು ಅವಳ ಮೇಲೆಯೇ ರೇಗಿದರು. ಕೊಡುವುದೊಂದು ಬಿಟ್ಟು ಮಿಕ್ಕಿದ್ದೆಲ್ಲ ಆಗಿತ್ತು.

ಅಕ್ಕ ಹಲ್ಲು ಕಡಿದುಕೊಂಡು ತನ್ನ ಮೇಜಿಗೆ ಮರಳಿದಳು. ಆ ನಿಘಂಟು ಕಚೇರಿಯಲ್ಲಿ ಅವಳು ಉಪಸಂಪಾದಕಿ. ಆದರೆ ಎಲ್ಲರಿಗೂ ಅಕ್ಕ, ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಕಾವಲುಗಾರನಿಗೂ ಅಕ್ಕ. ಸಿಟ್ಟು ಮೂಗಿನ ತುದಿಯಲ್ಲೇ ಇರುವವರನ್ನು ಜನ ಸುಮ್ಮನೆ ಸಂಬಂಧ ಹಚ್ಚಿ ಕರೆದು ತಣ್ಣಗಿಡುತ್ತಾರೆ.

ಅವಳ ಇವತ್ತಿನ ಸಿಟ್ಟಿಗೆ ಕಾರಣವಿತ್ತು. ಹಳೆಯ ಇಂಗ್ಲಿಷ್ ಪದಗಳ ಅರ್ಥ ಶತಮಾನದಿಂದ ಶತಮಾನಕ್ಕೆ ಹೇಗೆ ಹೊರಳಿತು ಎಂದು ಕನ್ನಡದಲ್ಲಿ ಹೇಳುವ ನಿಘಂಟನ್ನು ಮೇಷ್ಟ್ರು ಶುರು ಮಾಡಿ ನಲವತ್ತು ವರ್ಷವಾಗಿತ್ತು. ನಲವತ್ತು ವರ್ಷಕ್ಕೆ ಮೊದಲನೆಯ ಅಕ್ಷರ ಮುಗಿದಿರಲಿಲ್ಲ. ಖರ್ಚು ನೋಡಿಕೊಳ್ಳುವ ಸಮಿತಿಯವರಿಗೂ ಸಾಕಾಗಿ ಕೊನೆಗೆ ಕಾಗದ ಬರೆದಿದ್ದರು: ಇವತ್ತು ಸಂಜೆ ಐದರೊಳಗೆ ಮೊದಲ ಸಂಪುಟದ ಪೂರ್ತಿ ಪ್ರತಿ ಪ್ರೆಸ್ಸಿಗೆ ಹೋಗಬೇಕು, ಇಲ್ಲದಿದ್ದರೆ ನಾಳೆಯಿಂದ ಕಚೇರಿಗೆ ಬೀಗ, ಪದಗಳ ಬಳಕೆ ಬರೆದಿಟ್ಟ ಮೂರೂವರೆ ಲಕ್ಷ ಚೀಟಿ ಗೋದಾಮಿಗೆ. ಅಕ್ಕನ ಇಪ್ಪತ್ತಾರು ವರ್ಷದ ಕಣ್ಣುನೋವು, ಬೆನ್ನುನೋವು, ಮದುವೆ ಮುಂಜಿ ತಪ್ಪಿಸಿಕೊಂಡು ಕೂತ ಭಾನುವಾರಗಳು ಎಲ್ಲ ಆ ಚೀಟಿಗಳಲ್ಲಿದ್ದವು. ಸಂಪುಟದ ಸಾವಿರದಿನ್ನೂರು ಪದಗಳಲ್ಲಿ ಸಾವಿರದ ನೂರ ತೊಂಬತ್ತೊಂಬತ್ತು ಸಿದ್ಧವಾಗಿದ್ದವು. ಉಳಿದ ಒಂದು ಪದ ಹನ್ನೊಂದು ವರ್ಷದಿಂದ ಮೇಷ್ಟ್ರ ಮೇಜಿನ ಎಡಗಡೆಯ ಕೆಳಖಾನೆಯಲ್ಲಿ ಮಲಗಿತ್ತು.

ಆ ಪದ ಅನಾನ್. ಈಗ ಯಾರೂ ಬಳಸದ, ಹಳೇ ಕಾಲದವರಂತೆ ಮಾತಾಡಿ ನಗಿಸಬೇಕೆಂದಾಗ ಮಾತ್ರ ಹೊರಗೆ ತೆಗೆಯುವ ಪದ. ಸಾವಿರ ವರ್ಷದ ಹಿಂದೆ ಅದು ಒಂದಲ್ಲ, ಎರಡು ಪದ. 'ಒಂದರಲ್ಲಿ' ಎಂದು ಅರ್ಥ. ಒಂದೇ ಏಟಿಗೆ, ಈ ಕ್ಷಣವೇ, ತಡಮಾಡದೆ. ಆಮೇಲೆ ಎರಡೂ ಅಂಟಿಕೊಂಡು ಒಂದಾದವು. ಯಜಮಾನ ಕೂಗಿದರೆ ಆಳು ಅನಾನ್ ಅಂದ. ಛತ್ರದಲ್ಲಿ ಪ್ರಯಾಣಿಕ ಕೂಗಿದರೆ ಬಡಿಸುವವನು ಅನಾನ್ ಅಂದ. ಅಂದವನು ಅಲ್ಲೇ ಇನ್ನೊಂದು ಮೇಜು ಒರೆಸುತ್ತಾ ನಿಂತ. ಹೀಗೆ ಅಂದು ಅಂದೂ, ಕಾದು ಕಾದೂ, 'ಈ ಕ್ಷಣ' ಎನ್ನುವ ಪದಕ್ಕೆ 'ಇನ್ನು ಸ್ವಲ್ಪ ಹೊತ್ತಿಗೆ' ಎನ್ನುವ ಅರ್ಥ ಬಂತು. ಇದೊಂದೇ ಅಲ್ಲ. ಸೂನ್ ಕೂಡ ಒಂದು ಕಾಲಕ್ಕೆ 'ಈಗಲೇ'; ಪ್ರೆಸೆಂಟ್ಲಿ ಕೂಡ 'ಈಗಲೇ'. ಕೈಗೆ ಸಿಕ್ಕ 'ಈಗಲೇ'ಗಳನ್ನೆಲ್ಲ ಒಂದೊಂದಾಗಿ ಸವೆಸಿ ಬಿಸಾಡಿದ ಜನ. ಆ ಜನರ ಮೇಲೂ ಅಕ್ಕನಿಗೆ ಇವತ್ತು ಸಿಟ್ಟಿತ್ತು.

ಮೂರು ಗಂಟೆಗೆ ಪ್ರೆಸ್ಸಿನಾತ ಬಂದು ಮೆಟ್ಟಿಲ ಬಾಗಿಲ ಬಳಿಯ ಬೆಂಚಿನಲ್ಲಿ ಕೂತ. ತೊಡೆಯ ಮೇಲೆ ಖಾಲಿ ಚೀಲ.

"ಅಕ್ಕಾ, ಆಯ್ತಾ?"

"ಇವರನ್ನ ಕೇಳಿ" ಎಂದಳು ಅಕ್ಕ.

"ಈಗ ಕೊಟ್ಟೆ" ಎಂದರು ಮೇಷ್ಟ್ರು, ಪೆನ್ಸಿಲ್ ಚೂಪು ಮಾಡುತ್ತಾ. ಎಂಬತ್ತೊಂದರ ವಯಸ್ಸಿಗೆ ಅವರ ಕೈ ನಡುಗುತ್ತಿತ್ತು. ಆದರೂ ಪೆನ್ಸಿಲನ್ನು ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ಬೆಳಿಗ್ಗೆಯಿಂದ ಅದು ಏಳನೆಯ ಪೆನ್ಸಿಲ್.

ಮೂರೂಮುಕ್ಕಾಲಿಗೆ ಅವರು ಡಬ್ಬಿ ತೊಳೆಯಲು ನಲ್ಲಿಯ ಕಡೆ ಹೋದದ್ದೇ ತಡ, ಅಕ್ಕ ಎದ್ದಳು. ಬೇರೆಯವರ ಖಾನೆ ಎಳೆಯುವುದು ಅವಳ ಜಾಯಮಾನವಲ್ಲ. ಎಳೆದೇ ಬಿಟ್ಟಳು. ಅನಾನ್ ಕಟ್ಟು ಅಲ್ಲೇ ಇತ್ತು. ರಬ್ಬರ್ ಬ್ಯಾಂಡು ಕೊಳೆತು ಚೀಟಿಗೆ ಅಂಟಿಕೊಂಡಿತ್ತು. ಮೇಲೆ ಮೇಷ್ಟ್ರ ದುಂಡು ಅಕ್ಷರದಲ್ಲಿ ಪದದ ಚರಿತ್ರೆ ಎರಡು ಪುಟ; ಎಂದೋ ಬರೆದು ಮುಗಿಸಿ, ಕೆಳಗೆ ಗೆರೆಯನ್ನೂ ಎಳೆದಿದ್ದರು!

"ಬರೆದಿಟ್ಕೊಂಡು ಆಟ ಆಡಿಸ್ತಿದ್ದಾರೆ ನನ್ನ" ಎಂದು ಅಕ್ಕ ಜೋರಾಗಿಯೇ ಅಂದಳು. ಪ್ರೆಸ್ಸಿನಾತ ತಲೆ ತಗ್ಗಿಸಿ ಚೀಲದ ಜಿಪ್ಪು ನೋಡತೊಡಗಿದ.

ಕೆಳಗೆ ಇಪ್ಪತ್ತಮೂರು ಚೀಟಿ, ಇಸವಿಯ ಪ್ರಕಾರ. ಒಂದೊಂದರಲ್ಲೂ ಪದವಿರುವ ವಾಕ್ಯ, ಪುಸ್ತಕ, ಇಸವಿ, ಬರೆದವರ ಸಹಿ. ಅಕ್ಕನ ಬೆರಳು ಸರಸರ ಓಡಿ ಹದಿನೇಳನೆಯದರಲ್ಲಿ ನಿಂತಿತು. ಅದು ಜೇನು ಸಾಕುವವನೊಬ್ಬನ ಕೈಪಿಡಿಯಿಂದ ತೆಗೆದ ವಾಕ್ಯ: ಹೊಗೆ ತಾಕಿದೊಡನೆ ಹುಳುಗಳು ಅನಾನ್ ಏಳುತ್ತವೆ, ಕಣ್ಣು ಮಿಟುಕಿಸುವಷ್ಟೂ ತಡಮಾಡುವುದಿಲ್ಲ. ಅಂದರೆ ಅಪ್ಪಟ 'ಈ ಕ್ಷಣ'. ಆದರೆ ಇಸವಿ ಸಾವಿರದ ಏಳುನೂರ ತೊಂಬತ್ತನಾಲ್ಕು. ಅಷ್ಟು ಹೊತ್ತಿಗೆ ಆ ಅರ್ಥ ಸತ್ತು ಎಷ್ಟೋ ತಲೆಮಾರು ಆಗಿತ್ತು. ಮೇಷ್ಟ್ರು ಬರೆದ ಚರಿತ್ರೆ ಒಂದು ಹೇಳುತ್ತಿತ್ತು, ಈ ಚೀಟಿ ಇನ್ನೊಂದು.

ಯಾವ ದಡ್ಡಶಿಖಾಮಣಿ ಬರೆದದ್ದು ಇದನ್ನ ಎಂದುಕೊಂಡು ಅಕ್ಕ ಕೆಳಗಿನ ಸಹಿ ನೋಡಿದಳು. ಸಹಿ ಅವಳದೇ.

ಅವಳು ಚೀಟಿ ಹಿಡಿದೇ ಕಿಟಕಿಯತ್ತ ಓಡಿದಳು. ಆ ಪುಸ್ತಕ ಕಿಟಕಿ ಪಕ್ಕದ ಕಪಾಟಿನಲ್ಲೇ ಇತ್ತು. ತೆಗೆದಳು. ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಚೀಟಿಯಲ್ಲಿದ್ದ ಅದೇ ಇಸವಿ. ಹಾಳೆ ತಿರುಗಿಸಿದಳು. ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ನಾಲ್ಕು ಸಾಲು: ಈ ಮುದ್ರಣಕ್ಕಿಂತ ಸುಮಾರು ಮುನ್ನೂರೈವತ್ತು ವರ್ಷ ಹಿಂದಿನ ಕೈಬರಹದ ಪ್ರತಿ ಇದು, ಓದುಗರ ಅನುಕೂಲಕ್ಕೆ ಸ್ಪೆಲಿಂಗು ತಿದ್ದಿ ಅಚ್ಚು ಹಾಕಿದೆ.

ಇಪ್ಪತ್ತಾರು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿ, ಅವಳು ಆ ಹಾಳೆ ತಿರುಗಿಸಿರಲಿಲ್ಲ.

ಅವಳು! ಹೊಸಬರು ಬಂದರೆ ಮೊದಲ ದಿನವೇ "ಮೊದಲ ಪುಟದ ಇಸವಿ ನಂಬಿದೋರು ಈ ಕೆಲಸಕ್ಕೆ ನಾಲಾಯಕ್ಕು, ಹಾಳೆ ತಿರುಗ್ಸಿ" ಎಂದು ಚಳಿ ಬಿಡಿಸುತ್ತಿದ್ದ ಅವಳು.

ಮೇಷ್ಟ್ರು ಒದ್ದೆ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವಳ ಕೈಯಲ್ಲಿದ್ದ ಚೀಟಿ ನೋಡಿದರು, ಪುಸ್ತಕ ನೋಡಿದರು, ಮೆಲ್ಲಗೆ ಬಂದು ಕೂತರು.

"ಗೊತ್ತಿತ್ತಾ ನಿಮಗೆ?" ಎಂದಳು ಅಕ್ಕ.

"ಹೂಂ."

"ಯಾವಾಗಿಂದ?"

"ಹನ್ನೊಂದು ವರ್ಷ ಆಯ್ತೇನೋ."

"ಹನ್ನೊಂದು ವರ್ಷ! ಒಂದು ಗೆರೆ ಹೊಡೆದು ಸರಿ ಮಾಡೋಕಾಗ್ಲಿಲ್ವಾ ಮೇಷ್ಟ್ರೇ?"

"ನಾನು ಹೆಂಗಮ್ಮ ಹೊಡೀಲಿ? ನಿನ್ನ ಚೀಟಿ ಅದು."

ಅದು ಅವರೇ ಮಾಡಿದ ಕಟ್ಟಳೆ. ಒಬ್ಬರ ಚೀಟಿಯನ್ನು ಇನ್ನೊಬ್ಬರು ತಿದ್ದುವಂತಿಲ್ಲ. ತಪ್ಪಿದ್ದರೆ ಬರೆದವರನ್ನು ಕರೆದು ತೋರಿಸಬೇಕು. ಅವರೇ ಹೊಡೆದುಹಾಕಿ, ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಸಹಿ ಹಾಕಬೇಕು. ಬರೆದ ಚರಿತ್ರೆಗೆ ಚೀಟಿಗಳೆಲ್ಲ ಹೊಂದದೆ ಒಂದು ಪದವೂ ಪ್ರೆಸ್ಸಿಗೆ ಹೋಗುವಂತಿಲ್ಲ.

"ಹಂಗಾದ್ರೆ ನನ್ನ ಕರೆದು ಹೇಳ್ಬೇಕಿತ್ತು! ಹತ್ತು ಹೆಜ್ಜೆ ಆಚೆ ಕೂತಿರ್ತೀನಿ ನಾನು. ಒಂದು ಮಾತು! ಇವತ್ತು ಐದಕ್ಕೆ ಬಾಗಿಲು ಮುಚ್ಚುತ್ತೆ ಅನ್ನೋವಾಗಲೂ ಬಾಯಿಗೆ ಬೀಗ ಹಾಕ್ಕೊಂಡು ಪೆನ್ಸಿಲ್ ಹೆರೀತಾ ಕೂತಿದ್ದೀರಲ್ಲ, ಏನನ್ಬೇಕು ನಿಮಗೆ?"

ಮೇಷ್ಟ್ರು ಡಬ್ಬಿಯ ಮುಚ್ಚಳವನ್ನು ಅಂಗಿಯ ಅಂಚಿಗೆ ಒರೆಸಿದರು. "ಅವತ್ತೇ ಹೇಳೋಣ ಅಂತ ಎದ್ದೆ ಕಣಮ್ಮ. ಚೀಟಿ ಕೈಲಿ ಹಿಡ್ಕೊಂಡೇ ನಿನ್ನ ಮೇಜಿನ ಹತ್ರ ಬಂದೆ. ನೀನು ಆ ಪಿಸುಮಾತಿನ ಹುಡುಗೀನ ತರಾಟೆಗೆ ತಗೊಂಡಿದ್ದೆ."

ಅಕ್ಕನಿಗೆ ಥಟ್ಟನೆ ನೆನಪಾಯಿತು. ಹೊಸದಾಗಿ ಸೇರಿದ್ದ ಹುಡುಗಿ. ಎಷ್ಟು ಮೆಲ್ಲಗೆ ಮಾತಾಡುತ್ತಿದ್ದಳೆಂದರೆ ಕಚೇರಿಯೆಲ್ಲ ಅವಳನ್ನು ಪಿಸುಮಾತು ಎಂದೇ ಕರೆಯುತ್ತಿತ್ತು. ಅವಳೂ ಇದೇ ತಪ್ಪು ಮಾಡಿದ್ದಳು. ಅಚ್ಚಾದ ಇಸವಿಯನ್ನೇ ನಂಬಿ ಮೂರು ಚೀಟಿ ಬರೆದಿದ್ದಳು. ಅಕ್ಕ ಉಪಸಂಪಾದಕಿಯಾಗಿ ನಾಲ್ಕು ದಿನವಾಗಿತ್ತಷ್ಟೇ. ಎಲ್ಲರೆದುರು ಆ ಮೂರು ಚೀಟಿಯನ್ನು ಓದಿ ಹೇಳಿ, "ಕಣ್ಣಿದ್ದೋರು ಮಾಡೋ ಕೆಲ್ಸ ಅಲ್ಲ ಇದು" ಎಂದಿದ್ದಳು. ಪಿಸುಮಾತು ತುಟಿ ಬಿಗಿಹಿಡಿದು ಮೂರೂ ಚೀಟಿ ತಿದ್ದಿ, ಸಹಿ ಹಾಕಿ, ಸಂಜೆ ಛತ್ರಿ ಕೂಡ ಮರೆತು ಹೋದವಳು ಮತ್ತೆ ಬರಲಿಲ್ಲ. ಬಾಗಿಲ ಹಿಂದಿನ ಮೊಳೆಯಲ್ಲಿ ಇವತ್ತಿಗೂ ತೂಗುತ್ತಿದ್ದ ನೀಲಿ ಛತ್ರಿ ಅದೇ. ಮಳೆ ಬಂದಾಗ ಎಲ್ಲರೂ ಅದನ್ನು ಬಳಸುತ್ತಿದ್ದರು, ಅಕ್ಕನೂ.

"ಆ ಹೊತ್ತಲ್ಲಿ ಈ ಚೀಟೀನ ನಿನ್ನ ಮುಂದೆ ಹೆಂಗೆ ಇಡ್ಲಿ?" ಎಂದರು ಮೇಷ್ಟ್ರು. "ಸ್ವಲ್ಪ ತಣ್ಣಗಾಗ್ಲಿ, ಆಮೇಲೆ ಹೇಳೋಣ ಅಂತ ಹೋಗಿ ಕೂತೆ. ಆಮೇಲೆ ನಾಳೆ ಅಂದ್ಕೊಂಡೆ. ಪ್ರತಿ ಸಲ ನೀನು ಕೇಳ್ದಾಗ್ಲೂ, ಇವತ್ತು ಹೇಳೇ ಬಿಡ್ತೀನಿ ಅಂತ್ಲೇ ಈಗ ಕೊಟ್ಟೆ ಅಂತಿದ್ದೆ. ಸುಳ್ಳು ಹೇಳ್ಲಿಲ್ಲ ಕಣಮ್ಮ ನಾನು."

ಅಕ್ಕನಿಗೆ ಅವರನ್ನು ಹಿಡಿದು ಅಲುಗಾಡಿಸಬೇಕೆನಿಸಿತು. ಹಾಗೇ ಅಳುವೂ ಬಂತು. ಇಷ್ಟು ವರ್ಷ ಈ ಮನುಷ್ಯ ಸೋಮಾರಿ, ಮರೆಗುಳಿ, ಮೊಂಡ ಎಂದು ಮನೆಯಲ್ಲಿ ಗಂಡನಿಗೆ ಹೇಳಿ ಹೇಳಿ ಅವನ ಕಿವಿಯೂ ಸವೆದಿತ್ತು. ಇವರಾದರೋ ತನ್ನ ಬಾಯಿಗೆ ಹೆದರಿ ತಮ್ಮ ನಲವತ್ತು ವರ್ಷದ ಕೆಲಸವನ್ನೇ ಕೆಳಖಾನೆಗೆ ಹಾಕಿ ಕೂತಿದ್ದರು. ಬೈಯುವುದಾದರೂ ಯಾರನ್ನು? ಬೈಯಲು ಇಷ್ಟು ಒಳ್ಳೆಯ ಅವಕಾಶ ಸಿಕ್ಕಿ, ಅದು ಹೀಗೆ ಕೈಬಿಟ್ಟು ಹೋದದ್ದಕ್ಕೂ ಅವಳಿಗೆ ರೇಗಿತು.

"ಪೆನ್ನು ಕೊಡಿ" ಎಂದಳು.

ಹಳೆಯ ಇಸವಿಯ ಮೇಲೆ ಗೆರೆ ಎಳೆದಳು. ಪಕ್ಕದಲ್ಲಿ ಸರಿಯಾದ ಕಾಲ ಬರೆದಳು. ಸಹಿ ಹಾಕಿದಳು. ಚೀಟಿಯನ್ನು ಹದಿನೇಳನೆಯ ಜಾಗದಿಂದ ತೆಗೆದು ಐದನೆಯ ಜಾಗಕ್ಕೆ ಇಟ್ಟಳು. ಚರಿತ್ರೆ ತಾನೇ ತಾನಾಗಿ ಸರಿಹೋಯಿತು; ಮೇಷ್ಟ್ರು ಬರೆದಿದ್ದರಲ್ಲಿ ಒಂದಕ್ಷರವನ್ನೂ ಬದಲಾಯಿಸಬೇಕಾಗಲಿಲ್ಲ. ನಾಲ್ಕು ಗಂಟೆ ಐವತ್ತು ನಿಮಿಷಕ್ಕೆ ಪ್ರೆಸ್ಸಿನಾತ ಪೂರ್ತಿ ಪ್ರತಿಯನ್ನು ಚೀಲಕ್ಕೆ ತುಂಬಿಕೊಂಡು, ಇವರ ಮನಸ್ಸು ಬದಲಾದೀತೆಂದು ಹೆದರಿದವನ ಹಾಗೆ ಎರಡೆರಡು ಮೆಟ್ಟಿಲು ಹಾರಿಕೊಂಡು ಇಳಿದುಹೋದ.

ಕೋಣೆಯಲ್ಲಿ ಇಬ್ಬರೇ ಉಳಿದರು. ಸಂಪುಟ ಹೋಯಿತು ಎಂದು ಅಕ್ಕನಿಗೆ ಖುಷಿಯಾಗಬೇಕಿತ್ತು. ಅವಳ ಕಣ್ಣು ಬಾಗಿಲ ಹಿಂದಿನ ಮೊಳೆಯ ಕಡೆಗೇ ಹೋಗುತ್ತಿತ್ತು.

"ಆ ಹುಡುಗಿ ಈಗ ಎಲ್ಲಿದ್ದಾಳೆ?"

"ಮಕ್ಕಳ ಲೈಬ್ರರಿ ನೋಡ್ಕೊಳ್ತಾಳೆ. ವರ್ಷಕ್ಕೊಂದು ಸಲ ನನಗೆ ಫೋನ್ ಮಾಡ್ತಾಳೆ. ನಿನ್ನನ್ನೂ ಕೇಳ್ತಾಳೆ, ಅಕ್ಕ ಹೆಂಗಿದ್ದಾರೆ ಅಂತ."

"ನಂಬರ್ ಇದ್ಯಾ?"

ಮೇಷ್ಟ್ರು ಡೈರಿಯ ಪುಟ ತೆಗೆದು ಮುಂದಿಟ್ಟರು. ಅಕ್ಕ ನಂಬರನ್ನು ಒಂದು ಖಾಲಿ ಚೀಟಿಗೆ ಬರೆದುಕೊಂಡಳು, ಅದನ್ನು ಎರಡಾಗಿ ಮಡಿಸಿದಳು, ಬ್ಯಾಗಿನ ಜಿಪ್ಪು ಎಳೆದಳು.

"ಮನೆಗೆ ಹೋಗಿ ಈಗಲೇ ಮಾಡ್ತೀನಿ" ಎಂದಳು.

ಮೇಷ್ಟ್ರು ಎಂಟನೆಯ ಪೆನ್ಸಿಲ್ ಕೈಗೆತ್ತಿಕೊಂಡು ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು, ಅಷ್ಟೇ.

"ಥೂ, ನಿಮ್ಮದೊಂದು!" ಎಂದು ಸಿಡಿಮಿಡಿಗುಟ್ಟುತ್ತಾ ಅಕ್ಕ ಬ್ಯಾಗನ್ನು ಕುರ್ಚಿಗೆ ಎಸೆದಳು. ಮೇಜಿನ ಫೋನನ್ನು ಎಳೆದುಕೊಂಡು ನಂಬರು ಒತ್ತಿದಳು. ಆ ಕಡೆ ನಾಲ್ಕು ಸಲ ಗಂಟೆ ಬಾರಿಸಿತು. ಐದನೆಯದಕ್ಕೆ ಯಾರೋ ಎತ್ತಿ, ಕಿವಿಗೊಟ್ಟರೆ ಮಾತ್ರ ಕೇಳುವಷ್ಟು ಮೆಲ್ಲಗೆ, "ಹಲೋ" ಎಂದರು.

"ನಾನಮ್ಮ, ಅಕ್ಕ" ಎಂದಳು. "ನಿನ್ನ ಛತ್ರಿ ನನ್ನ ಹತ್ರ ಇದೆ."