ಬಾತುಗಳ ರೊಟ್ಟಿ

ಪಾಲ್ಮಿರಾಳ ಒಂದು ಜಡೆ ಹೆಣೆದಾಗಿತ್ತು. ಇನ್ನೊಂದಕ್ಕೆ ಅವಳ ತಾಯಿ ಕಸಿಲ್ದಾ ಕೂದಲು ಬಿಡಿಸುತ್ತಿದ್ದಂತೆ, ಬಾಗಿಲ ಮೇಲೆ ಪೊರಕೆಯ ಹಿಡಿ ಬಡಿದ ಸದ್ದಾಯಿತು.

"ಮಗೂ, ನಿಮ್ಮಮ್ಮಂಗೆ ಹೇಳು," ಹೊರಗಿನಿಂದ ಸೋದರತ್ತೆ ಹಸಿಂತಾಳ ದನಿ. "ನಾಳೆ ಮ್ಯಾಡ್ರಿಡ್‌ನಿಂದ ದೊಡ್ಡೋರು ಬರ್ತಾರಂತೆ. ಅರಮನೆ ಊಟದ ಕೋಣೆ ರತ್ನಗಂಬಳಿ ಇವತ್ತೇ ಕೊಡವಬೇಕಂತೆ. ಮಹಾರಾಣಿಯೋರ ಅಲಂಕಾರ ಮುಗಿದಿದ್ರೆ ಬರ್ಲಿ."

"ನಿಮ್ಮತ್ತೆಗೆ ಹೇಳು," ಬಾಚಣಿಗೆ ಕಚ್ಚಿಕೊಂಡೇ ಕಸಿಲ್ದಾ ಅಂದಳು, "ಬಾಗಿಲು ಮುರಿದ್ರೆ ಅವಳೇ ಹಾಕಿಸ್ಬೇಕು ಅಂತ."

ಇಬ್ಬರಿಗೂ ಇಬ್ಬರ ಮಾತೂ ಕೇಳುತ್ತಿತ್ತು. ಆದರೂ ಪಾಲ್ಮಿರಾ ಎರಡನ್ನೂ ಅತ್ತಿತ್ತ ದಾಟಿಸಿದಳು. ಅಪ್ಪನನ್ನು ಹಿಡಿದೊಯ್ದ ಮೇಲೆ ಅದು ಅವಳದೇ ಕೆಲಸವಾಗಿತ್ತು.

ಅರಾನ್‌ಹುಯೆಸ್ ಅರಮನೆಯ ತೋಟದ ಕೊನೆಗೆ, ತಾಹೋ ನದಿಯ ಮಗ್ಗುಲಲ್ಲಿ, ಅರಸನೊಬ್ಬ ದಣಿವಾರಿಸಿಕೊಳ್ಳಲು ಕಟ್ಟಿಸಿದ ಆ ಪುಟ್ಟ ಅರಮನೆಗೆ 'ರೈತನ ಮನೆ' ಎಂದೇ ಹೆಸರು. ಗೋಡೆಗೆಲ್ಲ ರೇಷ್ಮೆ, ಗೂಡುಗಳಲ್ಲಿ ಅಮೃತಶಿಲೆಯ ದೇವತೆಗಳು. ರೈತರು ಯಾರೂ ಅಲ್ಲಿ ಮಲಗಿದ್ದಿಲ್ಲ, ಗುಡಿಸಿದ್ದುಂಟು. ನಾದಿನಿ ಅತ್ತಿಗೆಯರು ಬೂಟಿನ ಮೇಲೆ ಉಣ್ಣೆಯ ಗವಸು ಹಾಕಿಕೊಂಡು, ಹೆಜ್ಜೆ ಎತ್ತದೆ ನುಣುಪು ನೆಲದ ಮೇಲೆ ಜಾರುತ್ತ ಹೋದರು. ರತ್ನಗಂಬಳಿ ಸುತ್ತಿ, ಆ ತುದಿಗೊಬ್ಬಳು ಈ ತುದಿಗೊಬ್ಬಳು ಹೊತ್ತು ಹಿತ್ತಲಿಗೆ ತಂದರು. ಒಬ್ಬಳಿಂದ ಆಗುವ ಕೆಲಸವಲ್ಲ ಅದು. ಇಬ್ಬರೂ ಒಂದೇ ಉಸಿರಿಗೆ ಕೈ ಎತ್ತಬೇಕು. ಒಬ್ಬಳು ಮುಂದಾದರೂ ಹಳೆಯ ನೇಯ್ಗೆ ಹರಿಯುತ್ತದೆ.

"ನಿಮ್ಮಮ್ಮಂಗೆ ಹೇಳು, ಕೈ ಮೇಲೆತ್ತು ಅಂತ. ಹೆಣ ಹೊತ್ತಂಗೆ ಹಿಡ್ಕೊಂಡಿದಾಳೆ."

"ನಿಮ್ಮತ್ತೆಗೆ ಹೇಳು, ಹೊರೋಕೆ ನಂಗೆ ಹೆಣನಾದ್ರೂ ಎಲ್ಲಿ ಕೊಟ್ರು ಅಂತ."

ಪಾಲ್ಮಿರಾ ಇದನ್ನು ದಾಟಿಸಲಿಲ್ಲ.

ಅಂತರ್ಯುದ್ಧದಲ್ಲಿ ಸೋತ ಕಡೆಯವನು ಅವಳ ಅಪ್ಪ ಎಲಾದಿಯೋ. ಯುದ್ಧ ಮುಗಿದ ಮೇಲೆ ಚಳಿಗಾಲವಿಡೀ ಇದೇ ತೋಟದ ದೋಣಿಮನೆಯಲ್ಲಿ ಅಡಗಿದ್ದ. ಮನೆಯ ದೊಡ್ಡವರಲ್ಲಿ ಅದು ಗೊತ್ತಿದ್ದದ್ದು ಹೆಂಡತಿಗೆ, ತಂಗಿಗೆ. ಒಂದು ಬೆಳಗ್ಗೆ ಗೆದ್ದ ಕಡೆಯ ಬಂದೂಕಿನವರು ಎಲ್ಲೂ ಹುಡುಕದೆ ನೇರ ಅಲ್ಲಿಗೇ ಬಂದರು. ಬಾಯಿ ಬಿಟ್ಟವಳು ನೀನು ಎಂದು ಇವಳು, ನೀನೇ ಎಂದು ಅವಳು.

ಗಂಬಳಿ ಧಡ್ ಎಂದು ಬಡಿಯಿತು. ಧೂಳು ಎದ್ದಿತು. ತಿನ್ನಲು ಏನೋ ಬಿತ್ತೆಂದುಕೊಂಡು ನದಿಯ ಬಾತುಗಳು ಗದ್ದಲ ಮಾಡುತ್ತ ದಂಡೆ ಹತ್ತಿ ಬಂದವು.

"ಹುಶ್! ಹೋಗ್ರೇ ಬಿನ್ನಾಣಗಿತ್ತೀರಾ!" ಹಸಿಂತಾ ಗದರಿದಳು. "ಇಲ್ಲೇನು ಮದ್ವೆ ಊಟ ಹಾಕ್ತಾರಾ? ಯುದ್ಧ ಮುಗಿದ ಆ ಹಸಿವಿನ ವರ್ಷ ಮನುಷ್ಯರಿಗೇ ತುಂಡು ರೊಟ್ಟಿ ಇರ್ಲಿಲ್ಲ. ನಿಮ್ಮನ್ನೇ ಬೇಯಿಸಿ ತಿನ್ನದೆ ಬಿಟ್ಟಿದ್ದು ನಿಮ್ಮ ಪುಣ್ಯ."

ಕಸಿಲ್ದಾಳ ತುಟಿ ನಗಲು ಹೋಗಿ, ನೆನಪಾದಂತೆ ಬಿಗಿಯಿತು.

ಪಾಲ್ಮಿರಾ ಬಾತುಗಳನ್ನೇ ನೋಡುತ್ತ ನಿಂತಳು. ಅಪ್ಪ ಅಡಗಿದ್ದಾಗ ಅವಳು ತೀರ ಪುಟ್ಟವಳು. ಉಡಿಯಲ್ಲಿ ಅವನಿಗೆ ಒಯ್ಯುವ ರೊಟ್ಟಿಯ ಬಿಸಿ ಹೊಟ್ಟೆಗೆ ತಾಗುತ್ತಿತ್ತು. ತೋಟದ ಗೇಟಿನ ಕಾವಲುಗಾರ ದಿನಾ ಕೇಳುತ್ತಿದ್ದ, ಎಲ್ಲಿಗೆ ಹೊರಟೆ ಪುಟ್ಟಿ ಎಂದು. ಅಮ್ಮನೂ ಅತ್ತೆಯೂ ಸೇರಿ ಕಲಿಸಿದ್ದ ಉತ್ತರವನ್ನು ಅವಳು ಒಂದಕ್ಷರ ತಪ್ಪದೆ ಒಪ್ಪಿಸುತ್ತಿದ್ದಳು. ಅವನು ತಲೆ ಸವರುತ್ತಿದ್ದ.

"ನಿಮ್ಮಮ್ಮಂಗೆ ಹೇಳು, ಇನ್ನೊಂದು ಸಲ—"

"ಅತ್ತೆ, ತಡಿ." ಪಾಲ್ಮಿರಾ ಹೆಣೆಯದ ಕೂದಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. "ಈ ಮಾತು ನಂದು. ಯಾರೂ ಹೇಳಿ ಕಳಿಸಿದ್ದಲ್ಲ."

ಎತ್ತಿದ ನಾಲ್ಕು ಕೈಗಳೂ ಎತ್ತಿದಲ್ಲೇ ನಿಂತವು. ಗಂಬಳಿಯ ಒಂದು ಎಳೆಯೂ ಜಗ್ಗಲಿಲ್ಲ.

"ಆ ಹಸಿವಿನ ವರ್ಷ, ಬಾತುಗಳಿಗೆ ರೊಟ್ಟಿ ಹಾಕೋಕೆ ಹೋಗ್ತಿದೀನಿ ಅಂತ ಆ ಕಾವಲುಗಾರಂಗೆ ನಾನು ಹೇಳ್ತಿದ್ನಲ್ಲ," ಅಂದಳು, ಒಮ್ಮೆ ಆ ತುದಿಗೆ, ಒಮ್ಮೆ ಈ ತುದಿಗೆ ನೋಡುತ್ತ. "ಅಪ್ಪನ್ನ ಹಿಡ್ಕೊಟ್ಟಿದ್ದು ನಾನೇನಾ?"