ಸೂಜಿ ಬೇಡವೆಂದ ಡಾಕ್ಟರ್ ಸಾಹಿರಾ

ನಾಸಿರಿಯಾ ಊರಿನಲ್ಲಿ ಡಾಕ್ಟರ್ ಸಾಹಿರಾಳ ಮುಖಕ್ಕಿಂತ ಅವಳ ಹೆಬ್ಬೆರಳೇ ಪ್ರಸಿದ್ಧ. ಜ್ವರದ ವಾರ್ಡಿನಲ್ಲಿ ಯಾರ ತೋಳಿನಿಂದ ಸೂಜಿ ಹೊರಬಂದರೂ ಸರಿ, ರಕ್ತ ಸೋರದಂತೆ ಆ ಚುಕ್ಕೆಯ ಮೇಲೆ ಕೈಗವಸಿನ ಹೆಬ್ಬೆರಳನ್ನೊತ್ತಿ, ನರ್ಸನ್ನೂ ನಂಬದೆ, ಗೋಡೆ ಗಡಿಯಾರವನ್ನೇ ದುರುಗುಟ್ಟಿ ನೋಡುತ್ತ, ಒಂದು ಕಾಲೆಳೆದು ನಡೆಯುವ, ಕೋಟಿನ ಜೇಬಿನ ತುಂಬ ಖರ್ಜೂರ ಇಟ್ಟುಕೊಳ್ಳುವ ಆ ಕುಳ್ಳು ಹೆಂಗಸು ಇಪ್ಪತ್ತು ನಿಮಿಷ ಬೇರೂರಿದಂತೆ ನಿಂತುಬಿಡುತ್ತಾಳೆ.

ಬಕ್ರೀದ್ ಮುಗಿದ ವಾರ ಕಟುಕ ಶನಾನನನ್ನು ಹೊತ್ತು ತಂದರು. ಕುರಿಯ ಉಣ್ಣಿಯಿಂದ ಹತ್ತುವ ವೈರಸ್ ಜ್ವರ. ರಕ್ತ ಹೆಪ್ಪುಗಟ್ಟುವುದನ್ನೇ ಮರೆತಿತ್ತು, ಒಸಡು ಜಿನುಗುತ್ತಿತ್ತು, ಮೈತುಂಬ ನೀಲಿ ಕಲೆ. ಅವನ ಅಣ್ಣ ಮುತಶರ್, ಬೆನ್ನ ಮೇಲೆ ಗೀರಿ, ಗಾಜಿನ ಬಟ್ಟಲಿಟ್ಟು ಕೆಟ್ಟ ರಕ್ತ ತೆಗೆಯುವ ಮುದುಕನನ್ನೂ ಕರೆತಂದಿದ್ದ.

“ಒಂದು ಗೀರು ಹಾಕಿದ್ರೆ ರಕ್ತ ನಿಲ್ಲೋದೇ ಇಲ್ಲ, ಹಾಜಿ. ಬಟ್ಟಲು ಎತ್ಕೊಂಡು ಮನೇಗ್ ಹೋಗಿ, ಚಹಾ ಕುಡೀರಿ,” ಎಂದಳು ಸಾಹಿರಾ.

“ಹೋಗ್ಲಿ, ಸೊಂಟಕ್ಕೊಂದು ಸೂಜಿನಾದ್ರೂ ಹಾಕಮ್ಮ!” ಎಂದಳು ಶನಾನನ ತಾಯಿ. “ಸುಮ್ನೆ ನೋಡ್ತಾ ಕೂರೋಕೆ ಡಾಕ್ಟರ್ ಯಾಕೆ?”

“ಸೂಜಿನೂ ಇಲ್ಲ, ಆಸ್ಪಿರಿನ್ನೂ ಇಲ್ಲ. ಮಾಂಸಕ್ಕೆ ಚುಚ್ಚಿದ್ರೆ ರಕ್ತ ಒಳಗೇ ಸೋರುತ್ತೆ. ಇವನಿಗೆ ಬೇಕಿರೋದು ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್‌ಲೆಟ್, ಇನ್ನೊಬ್ಬರ ರಕ್ತದಿಂದ ತೆಗೆದದ್ದು. ನಮ್ಮಲ್ಲಿರೋದು ನಾಳೆವರೆಗೂ ಸಾಲಲ್ಲ.”

“ನನ್ ತಮ್ಮಂಗೇನಾದ್ರೂ ಆಗ್ಲಿ, ಇಡೀ ಕುಲ ನಿನ್ ಬಾಗಿಲಿಗೆ ಬರುತ್ತೆ!” ಮುತಶರ್ ಗುಡುಗಿದ.

ಅದು ಬರಿಯ ಮಾತಲ್ಲ. ಇಂಥ ಬೆದರಿಕೆಗೇ ಇಬ್ಬರು ಡಾಕ್ಟರು ಊರು ಬಿಟ್ಟಿದ್ದರು. ಸಂಜೆಯೊಳಗೆ ಕುಲದ ಮೂವತ್ತು ಗಂಡಸರು ಆಸ್ಪತ್ರೆಗೆ ಬಂದೇಬಿಟ್ಟರು. ಸಾಹಿರಾ ವಾರ್ಡಿನ ಬಾಗಿಲಿಗೆ ಅಡ್ಡ ನಿಂತು ಒಂದೊಂದೇ ತಲೆ ಎಣಿಸಿದಳು.

“ಮೂವತ್ತೇನಾ? ನಾನು ಇನ್ನೂ ಜಾಸ್ತಿ ಅಂದ್ಕೊಂಡಿದ್ದೆ! ಇರ್ಲಿ, ಅಂಗಿ ತೋಳು ಮಡಚಿ. ಅವನ ಔಷಧಿ ನಿಮ್ಮ ಮೈಯೊಳಗಿದೆ. ಬೈಯೋದಿದ್ರೆ ರಕ್ತ ಕೊಡ್ತಾ ಬೈಯಿರಿ!”

ಹಿಂದೆ ಯಾರೋ ಕಿಸಕ್ಕೆಂದ. ಮೊದಲು ತೋಳು ಮಡಚಿದವನು ಮುತಶರನೇ. ಹುಟ್ಟಿದಾಗಿನಿಂದ ಕುರಿ ಕೊಯ್ದವನು ಸೂಜಿ ಕಂಡು ಕಣ್ಣು ಮುಚ್ಚಿಕೊಂಡ.

ಆರನೆಯ ದಿನ ಒಸಡು ಒಣಗಿತು. ಶನಾನ್ ಸಾರಿನಲ್ಲಿ ನೆನೆಸಿದ ರೊಟ್ಟಿ ಕೇಳಿದ.

“ಅಲ್ಲಾ ಉಳಿಸಿದ,” ಎಂದಳು ತಾಯಿ. “ನೀನೇನ್ ಮಾಡ್ದೆ? ಸೊಂಟಕ್ಕೊಂದು ಸೂಜೀನೂ ಹಾಕ್ಲಿಲ್ಲ!”

“ಹಾಕ್ಲಿಲ್ಲ ನೋಡಮ್ಮ!” ಸಾಹಿರಾ ಬಿರುದು ಸಿಕ್ಕವಳಂತೆ ಹಿಗ್ಗಿದಳು.

ಏನಾದರೂ ಮಾಡು ಎಂದು ಊರಿಗೆ ಊರೇ ಕೂಗುತ್ತಿರುವಾಗ ಮಾಡಬಾರದ್ದನ್ನು ಮಾಡದೆ ನಿಲ್ಲುವ ಜನ ಲೋಕದಲ್ಲಿ ವಿರಳ. ಗೆದ್ದಾಗ ಅವರ ಹೆಸರನ್ನು ಯಾರೂ ಎತ್ತುವುದಿಲ್ಲ. ಸೋತರೆ ಮಾತ್ರ ಅವರ ಮನೆಯ ದಾರಿ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಅವರು ಮಾರನೆಯ ಬೆಳಗ್ಗೆ ವಾರ್ಡಿಗೆ ಬಂದೇ ಬರುತ್ತಾರೆ.