ತಪ್ಪು ಟೀಚರ್

ಮಗಳು ಕರಿಹಲಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಬರೆದದ್ದನ್ನು ಮೂರನೇ ಸಲ ಒರೆಸಿದಳು. ಅಮ್ಮ ಕಲಿಸುತ್ತಿದ್ದ ಏಳನೇ ಕ್ಲಾಸಿನ ಹಳೇ ಬೋರ್ಡು ಅದು. ಶಾಲೆಯವರೇ ಕಳಿಸಿಕೊಟ್ಟು ಗೇಟಿನ ಪಕ್ಕದ ಗೋಡೆಗೆ ಒರಗಿಸಿ ಹೋಗಿದ್ದರು. ಬರೆಯಬೇಕಾದದ್ದು ಇಂಗ್ಲಿಷಿನಲ್ಲಿ ಮೂರೇ ಸಾಲು. ಮೊದಲು ‘ಲೇಟ್’ ಎಂದು ಬರೆದು ಅಮ್ಮನ ಹೆಸರು, ಅದರಡಿ ‘ಇಂಗ್ಲಿಷ್ ಟೀಚರ್’, ಕೊನೆಗೆ ಅಂತ್ಯಕ್ರಿಯೆಗೆ ಹೊರಡುವ ಹೊತ್ತು, ಬೆಳಿಗ್ಗೆ ಹತ್ತು ಗಂಟೆ.

“ಎಷ್ಟು ಸಲ ಅಂತ ಒರೆಸ್ತೀಯೇ? ಚೆನ್ನಾಗೇ ಇತ್ತಲ್ಲ,” ಎಂದಳು ಚಿಕ್ಕಮ್ಮ.

“ಒಂದು ತಪ್ಪೂ ಇರಬಾರ್ದು ಚಿಕ್ಕಮ್ಮ. ಇವತ್ತಾದ್ರೂ.”

ಚಿಕ್ಕಮ್ಮ ಬಾಗಿಲತ್ತ ತಿರುಗಿ ನೋಡಿದಳು. ಒಳಗೆ ನಡುಮನೆಯಲ್ಲಿ ತಣ್ಣಗೆ ಮಲಗಿದ್ದ ತನ್ನ ಅಕ್ಕನನ್ನು ಊರು ಕರೆಯುತ್ತಿದ್ದದ್ದೇ ‘ತಪ್ಪು ಟೀಚರ್’ ಎಂದು.

“ಬಂದೋರಿಗೆಲ್ಲ ಹೇಳಿಬಿಡು. ಆ ಹೆಸರು ಇವತ್ತು ಈ ಮನೇಲಿ ಕೇಳಬಾರ್ದು,” ಎಂದಳು ಮಗಳು.

“ಊರ ಬಾಯಿಗೆ ಬೀಗ ಹಾಕೋಕಾಗುತ್ತಾ, ಮಗಳೇ?”

* * *

ಮಗಳು ಓದಿದ್ದು ಬೇರೆ ಶಾಲೆಯಲ್ಲಿ. ತಾನು ಪಾಠ ಹೇಳುವ ಕ್ಲಾಸಿನಲ್ಲಿ ತನ್ನ ಮಗು ಕೂರಬಾರದೆಂಬುದು ಅಮ್ಮನ ಹಟ. ಹೀಗಾಗಿ ಆ ಕ್ಲಾಸಿನೊಳಗೆ ಏನು ನಡೆಯುತ್ತದೆಂದು ಅವಳಿಗೆ ತಿಳಿದದ್ದು ಒಂದೇ ಒಂದು ಕಾಗದದಿಂದ. ಹನ್ನೊಂದು ವರ್ಷದವಳಿದ್ದಾಗ ಅದು ಅಮ್ಮನ ಮೇಜಿನ ಮೇಲೆ ಸಿಕ್ಕಿತ್ತು. ಶಿಕ್ಷಕಿ ಬೋರ್ಡಿನ ಮೇಲೆ ತಪ್ಪು ಇಂಗ್ಲಿಷ್ ಬರೆಯುತ್ತಾರೆ, ಮುಖ್ಯೋಪಾಧ್ಯಾಯಿನಿಯಾಗಲು ಯೋಗ್ಯರಲ್ಲ ಎಂದು ಇನ್ಸ್‌ಪೆಕ್ಟರು ಷರಾ ಬರೆದಿದ್ದರು.

“ನಿಜಾನಾ ಅಮ್ಮ? ತಪ್ಪು ಬರೀತೀಯಾ?”

“ಹೂಂ, ದಿನಕ್ಕೊಂದು,” ಎಂದು ಅಮ್ಮ ನಕ್ಕು, ಮತ್ತೆ ಮಕ್ಕಳ ನೋಟ್‌ಬುಕ್ಕು ತಿದ್ದಲು ಕೂತಳು.

ಅವಮಾನವನ್ನು ನಗುತ್ತಾ ನುಂಗುತ್ತಿದ್ದಾಳೆ ಎಂದುಕೊಂಡಳು ಮಗಳು. ಆಮೇಲೆ ಮೂವತ್ತು ವರ್ಷ ಆ ಮಾತು ಎತ್ತಲಿಲ್ಲ. ಇನ್ನೊಂದು ಸಲ ಕೇಳಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಮನೆಯವರ ಹತ್ತಿರ ಕೇಳಬೇಕಾದ್ದನ್ನು ಯಾರು ತಾನೇ ಹೊತ್ತಿಗೆ ಸರಿಯಾಗಿ ಕೇಳುತ್ತಾರೆ?

* * *

ಒಂಬತ್ತರ ಹೊತ್ತಿಗೆ ಕುರ್ಚಿಗಳು ಸಾಲದೆ ಜನ ರಸ್ತೆಯಲ್ಲಿ ನಿಂತರು. ದರ್ಜಿ, ಅಂಗಡಿಯವನು, ಆಸ್ಪತ್ರೆಯ ನರ್ಸು, ಎಲ್ಲರೂ ಅಮ್ಮನ ಹಳೇ ವಿದ್ಯಾರ್ಥಿಗಳೇ. ಮೊದಲ ಟ್ರಿಪ್ ಮುಗಿಸಿದ ಬಸ್ ಡ್ರೈವರ್ ಒಬ್ಬ ಯೂನಿಫಾರ್ಮಿನಲ್ಲೇ ಓಡಿಬಂದು ಏದುಸಿರು ಬಿಡುತ್ತಾ ಕೇಳಿದ.

“ತಪ್ಪು ಟೀಚರ್ ಮನೆ ಇದೇ ತಾನೇ?”

ಮಗಳಿಗೆ ಉರಿದುಹೋಯಿತು. “ಆಡ್ಕೊಳ್ಳೋಕೆ ಬೇರೆ ದಿನ ಸಿಗ್ಲಿಲ್ವಾ ನಿಮಗೆ?”

“ಆಡ್ಕೊಳ್ಳೋದಾ?” ಡ್ರೈವರ್ ಕಕ್ಕಾಬಿಕ್ಕಿಯಾದ. “ಅಯ್ಯೋ ಅಕ್ಕಾ, ನಮಗೆ ಇಂಗ್ಲಿಷ್ ಅಂದ್ರೆ ಕಬ್ಬಿಣದ ಕಡಲೆ. ಮುಂಚೆ ಇದ್ದ ಮೇಷ್ಟ್ರು ಪುಸ್ತಕ ತೆಗೆದ್ರೆ ಸಾಕು, ಕೊನೇ ಬೆಂಚು ಪೂರ್ತಿ ಗೊರಕೆ. ಟೀಚರ್ ಬಂದ ದಿನಾನೇ ಹೇಳಿದ್ರು, ‘ದಿನಾ ಬೋರ್ಡ್ ಮೇಲೆ ಬೇಕಂತಾನೇ ಒಂದು ತಪ್ಪು ಮಾಡ್ತೀನಿ. ಹಿಡಿದೋರ ಕೈಗೆ ಚಾಕ್‌ಪೀಸ್ ಕೊಡ್ತೀನಿ, ಬಂದು ನನ್ನ ತಿದ್ದಿ’ ಅಂತ. ಟೀಚರನ್ನೇ ತಿದ್ದೋದು! ಇನ್ನು ನಿದ್ದೆ ಎಲ್ಲಿಂದ ಬರಬೇಕು?”

“ಒಂದ್ಸಲ ನಾನು ಎರಡು ಹಿಡಿದೆ,” ನರ್ಸು ನಡುವೆ ಬಾಯಿ ಹಾಕಿದಳು. “ಟೀಚರ್ ಬೋರ್ಡ್ ನೋಡಿದ್ರು, ನನ್ನ ನೋಡಿದ್ರು. ‘ಮೊದಲನೇದು ಬೇಕಂತ ಮಾಡಿದ್ದು. ಎರಡನೇದು ನಂದೇ, ಸ್ವಂತದ್ದು’ ಅಂದು ಚಪ್ಪಾಳೆ ತಟ್ಟಿದ್ರು. ಈಗ್ಲೂ ಡಾಕ್ಟರ ಚೀಟಿ ಕೈಗೆ ಬಂದ್ರೆ ನನ್ನ ಕಣ್ಣು ಮೊದಲು ತಪ್ಪನ್ನೇ ಹುಡುಕುತ್ತೆ. ಅದರಿಂದ ಒಂದು ಮಗು ಉಳ್ಕೊಂಡಿದೆ.”

ಮಗಳ ದನಿ ಇಳಿಯಿತು. “ಮತ್ತೆ ಇನ್ಸ್‌ಪೆಕ್ಟರಿಗೆ ಯಾಕೆ ಹೇಳ್ಲಿಲ್ಲ ಅಮ್ಮ?”

ಡ್ರೈವರ್ ತಲೆ ಕೆರೆದುಕೊಂಡ. “ಅದು ನನ್ನಿಂದಾನೇ ಆಗಿದ್ದು. ಸಾಹೇಬ್ರು ಅರ್ಧ ಗಂಟೆ ಬೋರ್ಡ್ ಎದುರೇ ಕೂತಿದ್ರು, ತಪ್ಪು ಅವರ ಕಣ್ಣಿಗೇ ಬೀಳ್ಲಿಲ್ಲ. ನಾನು ಹೋಗಿ ತಿದ್ದಿ, ಅವರ ಕಡೆ ನೋಡಿ ಕಿಸಕ್ಕಂತ ನಕ್ಕುಬಿಟ್ಟೆ. ಶಾಲೆಯಿಂದ ಹೊರಗೆ ಹಾಕಿ ಅಂತ ಕೂಗಾಡಿದ್ರು. ಟೀಚರ್ ನನ್ನ ಹಿಂದೆ ಸರಿಸಿ, ‘ಬೋರ್ಡ್ ಮೇಲಿನ ತಪ್ಪು ನಂದು ಸರ್. ನನ್ನ ಹೆಸರಲ್ಲೇ ಬರ್ಕೊಳ್ಳಿ’ ಅಂದ್ರು. ಅವರು ಬರ್ಕೊಂಡ್ರು. ನಾನು ಓದು ಮುಗಿಸಿದೆ.”

ಮಗಳು ಬಾಗಿಲ ಚೌಕಟ್ಟು ಹಿಡಿದು ಒಳಗೆ ನೋಡಿದಳು. ಮೂವತ್ತು ವರ್ಷ ಮರುಕ ಪಟ್ಟಿದ್ದು ಇಂಥವಳ ಬಗ್ಗೆಯೇ ಎಂದು ನಾಚಿಕೆಯಾಯಿತು. ಅದರ ಬೆನ್ನಿಗೇ ಹೆಮ್ಮೆ ಎದೆ ತುಂಬಿ ಬಂದು ಕಣ್ಣಲ್ಲಿ ಹರಿಯಿತು. ಅವಳು ಒರೆಸಿಕೊಳ್ಳಲೂ ಹೋಗಲಿಲ್ಲ.

ತಿರುಗಿ ನೋಡಿದರೆ ಡ್ರೈವರ್ ಬೋರ್ಡಿನ ಮುಂದೆ ಕೈ ಎತ್ತಿ ನಿಂತಿದ್ದ. ಪಕ್ಕದಲ್ಲಿ ನರ್ಸೂ ಎತ್ತಿದಳು. ದರ್ಜಿ ಎತ್ತಿದ. ರಸ್ತೆಯ ಆ ಬದಿಯವರೆಗೂ ಒಂದೊಂದಾಗಿ ಕೈಗಳು ಮೇಲೆದ್ದವು.

“ಏನಾಯ್ತು?” ಎಂದು ಮಗಳು ಗಾಬರಿಯಾದಳು. ಅಕ್ಷರ ಅಕ್ಷರವನ್ನೂ ಮೂರು ಸಲ ನೋಡಿದ್ದಳು.

“ಒಂದು ತಪ್ಪಿದೆ ಅಕ್ಕಾ.”

ಅವಳು ಚಾಕ್‌ಪೀಸನ್ನು ಅಂಗೈಯಲ್ಲಿಟ್ಟು ಮುಂದೆ ಚಾಚಿದಳು. ಡ್ರೈವರ್ ಅದನ್ನು ತೆಗೆದುಕೊಂಡನಾದರೂ ಬರೆಯಲಿಲ್ಲ. ಅಮ್ಮನ ಹೆಸರಿನ ಹಿಂದಿದ್ದ ‘ಲೇಟ್’ ಎಂಬುದನ್ನು ಅಂಗಿಯ ತೋಳಿನಿಂದ ನಿಧಾನವಾಗಿ ಒರೆಸಿದ.

“ನನ್ನ ಬಸ್ ದಿನಾ ಲೇಟು,” ಎಂದ. “ಟೀಚರ್ ಮೂವತ್ತೊಂದು ವರ್ಷದಲ್ಲಿ ಒಂದು ದಿನಾನೂ ಲೇಟ್ ಆದೋರಲ್ಲ.”

ಅಳುತ್ತಿದ್ದವರೇ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಮಗಳು. ಸೆರಗು ಬಿಗಿಯಾಗಿ ಸಿಕ್ಕಿಸಿಕೊಂಡು, ಬೀದಿಗೆಲ್ಲ ಕೇಳುವಂತೆ ಕೂಗಿದಳು.

“ಏಳಿ, ಏಳಿ, ಕೈ ಕೊಡಿ. ತಪ್ಪು ಟೀಚರ್ ಹೊರಟ್ರು!”

ಅವರು ಅಮ್ಮನನ್ನು ಹೆಗಲ ಮೇಲೆ ಹೊತ್ತು ಬೋರ್ಡಿನ ಮುಂದೆ ಹಾದು ಗೇಟು ದಾಟಿದಾಗ, ಡ್ರೈವರನ ಕೈಗಡಿಯಾರದಲ್ಲಿ ಹತ್ತಕ್ಕೆ ಇನ್ನೂ ಎರಡು ನಿಮಿಷ ಇತ್ತು.